ಗೆದ್ದವನ ಬೆನ್ನಿಗೆ ಮಣ್ಣು

ಬಾದಾಮಿ ನೋಡೋಕೆ ಅಂತ ಹೊರಟವನು ನಾನು. ಈಗ ಬರೆಯೋಕೆ ಕೂತರೆ ಬಾದಾಮಿ ನಾಲ್ಕು ಸಾಲಿಗೆ ಮುಗಿದುಹೋಗುತ್ತಿದೆ. ಗುಹೆ ನಾಲ್ಕು, ಮೆಟ್ಟಿಲು ಜಾಸ್ತಿ, ಮಂಗ ಅದಕ್ಕಿಂತ ಜಾಸ್ತಿ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ನಿಂತಾಗ ಮೈ ಜುಮ್ಮೆಂದಿತು. ಮೂರನೇ ಗುಹೆಯನ್ನು 578ರಲ್ಲೇ ಕೊರೆದಿದ್ದರು ಅಂತ ಓದಿ ಸುಮ್ನೆ ನಿಂತೆ. ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಅಮ್ಮ ಒಬ್ಬರು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು ಕೊಟ್ಟರು. ಅಷ್ಟು ರುಚಿಯ ಊರಿಗೆ ಬಂದು ಹೋಟೆಲಲ್ಲಿ ಪನೀರ್ ಮಸಾಲ ತಿನ್ನುವವರನ್ನು ಕಂಡರೆ ನನಗೆ ಕನಿಕರ.

ಅದು 2025ರ ಜೂನ್ 7, ಶನಿವಾರ, ಬಕ್ರೀದ್ ದಿನ. ಮೈಸೂರಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಬಂದಿದ್ದೆ. ಟಿಕೆಟ್ ಮಾಡಿಸುವಾಗ ತಲೆಗೆ ಹೊಳೆಯದ ವಿಷಯ ಒಂದಿತ್ತು. ಅದೇ ಶನಿವಾರ, ಭಾನುವಾರ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ಟೆನಿಸ್ ಫೈನಲ್. ಮೂವತ್ತು ವರ್ಷದಿಂದ ತಪ್ಪಿಸದೆ ನೋಡಿಕೊಂಡು ಬಂದವನು ನಾನು. ಹೆಂಡತಿ ಕೇಳಿದರೆ ಬೇರೆ ಮಾತು ಹೇಳುತ್ತಾಳೆ.

ಶನಿವಾರ ಸಂಜೆ ಮಹಿಳೆಯರ ಫೈನಲ್ಲನ್ನು ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಫೋನಿನಲ್ಲಿ ಶುರು ಮಾಡಿದೆ. ಸಬಲೆಂಕಾ ಮೊದಲ ಸೆಟ್ಟನ್ನು ಟೈ-ಬ್ರೇಕಿನಲ್ಲಿ ಗೆದ್ದದ್ದು ಕಂಡಿತು. ಬಸ್ಸು ಊರು ದಾಟಿದ ಮೇಲೆ ಪರದೆಯಲ್ಲಿ ಬರೀ ಚಕ್ರ ಸುತ್ತಿತು. ಬಾಗಲಕೋಟೆ ಮುಟ್ಟಿ ರೂಮು ಸೇರಿ ನೋಡಿದರೆ ಕಪ್ ಕೊಕೊ ಗಾಫ್ ಕೈಯಲ್ಲಿ! 6-7, 6-2, 6-4. ಸಬಲೆಂಕಾ 70 ತಪ್ಪು ಹೊಡೆದಿದ್ದಳು. ಆಮೇಲೆ, ಅವಳು ಚೆನ್ನಾಗಿ ಆಡಿದ್ದಕ್ಕಿಂತ ನಾನು ಕೆಟ್ಟದಾಗಿ ಆಡಿದ್ದಕ್ಕೇ ಸೋತೆ ಅನ್ನೋ ಅರ್ಥದ ಮಾತು ಬೇರೆ ಆಡಿದ್ದಳು. ನಮ್ಮ ಗೆಳೆಯರ ವಾಟ್ಸಾಪ್ ಗುಂಪು ರಾತ್ರಿಯೆಲ್ಲ ಅವಳ ಮೇಲೆ ಹರಿಹಾಯ್ದಿತು.

ಭಾನುವಾರ ಪಟ್ಟದಕಲ್ಲು, ಐಹೊಳೆ. ಬರೆಯೋರು ಬೇಕಾದಷ್ಟು ಜನ ಇದ್ದಾರೆ.

ಸಂಜೆ ಆರಕ್ಕೆ ಸ್ನಾನ ಮಾಡಿ, ಲಾಡ್ಜಿನ ಹಾಸಿಗೆ ಮೇಲೆ ಕಾಲು ಚಾಚಿ ರಿಮೋಟ್ ಒತ್ತಿದೆ. ಸೀರಿಯಲ್ಲು, ಭಕ್ತಿ, ಮತ್ತೆ ಸೀರಿಯಲ್ಲು. ಕೆಳಗೆ ಹೋಗಿ ಕೇಳಿದರೆ ಮ್ಯಾನೇಜರು, "ಟಿವಿ ಐತೇನು ಅಂತ ಕೇಳಿದ್ರಿ, ಐತಿ ಅಂದೀನಿ. ಆಟದ ಚಾನೆಲ್ ಐತಿ ಅಂತ ಅಂದಿಲ್ರಿ" ಅಂದ. ಮಾತು ಸರಿ. ಹೊಟ್ಟೆ ಇನ್ನೂ ಉರಿಯುತ್ತಿದೆ. ಫೋನಿನ ಡೇಟಾನೂ ಮುಗಿದಿತ್ತು. ನೀವು ಹೋಗುವುದಿದ್ದರೆ ದುಡ್ಡು ಕೊಡುವ ಮೊದಲೇ ಟಿವಿ ಹಾಕಿಸಿ, ಬೇಕಾದ ಚಾನೆಲ್ ನೋಡಿಕೊಳ್ಳಿ.

ಸಿಟ್ಟಿನಲ್ಲಿ ಹಳೇ ಊರಿನ ಕಡೆ ನಡೆದೆ. ಒಂದು ಖಾನಾವಳಿ. ಒಳಗೆ ರೊಟ್ಟಿ ಬಡಿಯುವ ಸದ್ದು, ಗೋಡೆ ಮೇಲೆ ಟಿವಿ, ಟಿವಿಯಲ್ಲಿ ಕೆಂಪು ಅಂಕಣ! ಮಾಲೀಕರ ಮೊಮ್ಮಗ ಐಪಿಎಲ್‌ಗೆ ಅಂತ ಎಲ್ಲ ಆಟದ ಚಾನೆಲ್ ಹಾಕಿಸಿದ್ದನಂತೆ. ಆರ್‌ಸಿಬಿ ಕಪ್ ಗೆದ್ದು ಐದೇ ದಿನ ಆಗಿತ್ತು. ಮರುದಿನ ಬೆಂಗಳೂರಿನ ನೂಕುನುಗ್ಗಲಲ್ಲಿ 11 ಜನ ಸತ್ತ ಮೇಲೆ ಆ ಮಾತು ಎತ್ತುವವರು ಅಲ್ಲಿ ಯಾರೂ ಇರಲಿಲ್ಲ.

ಗಲ್ಲೆಯ ಮೇಲೆ ಕೂತಿದ್ದವರು ಎಪ್ಪತ್ತು ದಾಟಿದ ಅಜ್ಜ. ಮುರಿದ ಕಿವಿ ನೋಡಿದರೇ ಗೊತ್ತಾಗುತ್ತಿತ್ತು, ಪೈಲ್ವಾನರು. ಮೈಸೂರಿನವನು ನಾನು, ಗರಡಿ ಕಿವಿ ಗುರುತು ಸಿಗದೇ ಇರುತ್ತಾ? ಹಾಗಂತ ಒಳಗೆ ಕಾಲಿಟ್ಟವನಲ್ಲ.

"ಇದು ಯಾವ ಮಣ್ಣ್ರೀ?" ಇದು ಅವರ ಮೊದಲ ಪ್ರಶ್ನೆ.

ಕೆಳಗೆ ಸುಣ್ಣದ ಕಲ್ಲು, ಮೇಲೆ ತೆಳ್ಳಗೆ ಕೆಂಪು ಇಟ್ಟಿಗೆ ಪುಡಿ ಹಾಸುತ್ತಾರೆ ಅಂತ ಹೇಳಿದೆ.

"ಇಟ್ಟಿಗಿ ಪುಡಿ? ಬಿದ್ರ ತೊಗಲು ಕಿತ್ತು ಬರ್ತೈತಲ್ರಿ! ಮಜ್ಜಿಗಿ, ಅರಿಷಿಣ, ಎಣ್ಣಿ ಏನೂ ಹಾಕಂಗಿಲ್ಲ?"

"ನೀರು ಹೊಡೀತಾರೆ ಅಷ್ಟೇ."

"ಬಡವರಿರಬೇಕು."

ಅವರ ಗರಡಿ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಮುಳುಗುವ ಮೊದಲು ಒಂದು ಚೀಲ ಮಣ್ಣು ತಂದು ಮನೆಯಲ್ಲಿ ಇಟ್ಟುಕೊಂಡಿದ್ದಾರಂತೆ. ಅಷ್ಟು ಹೇಳಿ ಎಣ್ಣೆಗಾಯಿ ಬಡಿಸಲು ಹುಡುಗನಿಗೆ ಕೂಗಿದರು.

ಪುರುಷರ ಫೈನಲ್, ಇಟಲಿಯ ಸಿನ್ನರ್‌ಗೂ ಸ್ಪೇನಿನ ಅಲ್ಕರಾಜ್‌ಗೂ. ಐದು ಸೆಟ್‌ನಲ್ಲಿ ಮೂರು ಗೆದ್ದವನಿಗೆ ಕಪ್. ನಾನು ಸಿನ್ನರ್ ಕಡೆ. ಫೆಡರರ್ ನಿವೃತ್ತಿಯಾದ ಮೇಲೆ ಗದ್ದಲ ಮಾಡದವನು ಇವನೊಬ್ಬನೇ ಅಂತ ನನ್ನ ಲೆಕ್ಕ. ಮೊಮ್ಮಗ ಅಲ್ಕರಾಜ್ ಕಡೆ. ಅಜ್ಜ ಯಾರ ಕಡೆಯೂ ಇಲ್ಲ. ಮೊದಲ ಎರಡು ಸೆಟ್ ಸಿನ್ನರ್‌ಗೆ ಬಂತು. ಮೂರನೆಯದರಲ್ಲಿ ಕರೆಂಟು ಹೋಯಿತು. ಬರುವಷ್ಟರಲ್ಲಿ ಸೆಟ್ ಅಲ್ಕರಾಜ್‌ಗೆ ಹೋಗಿತ್ತು.

ನಾಲ್ಕನೇ ಸೆಟ್‌ನಲ್ಲಿ ಸಿನ್ನರ್ 5-3. ಸರ್ವ್ ಅಲ್ಕರಾಜನದು, 0-40. ಇನ್ನೊಂದೇ ಪಾಯಿಂಟ್ ಬಂದರೆ ಸಿನ್ನರ್ ಗೆದ್ದ, ಅದಕ್ಕೆ ಮೂರು ಅವಕಾಶ. ನಾನು ಮೊಮ್ಮಗನ ಹಾಟ್‌ಸ್ಪಾಟ್ ಇಸ್ಕೊಂಡು ಗುಂಪಿಗೆ 'ಮುಗೀತು' ಅಂತ ಕಳಿಸಿಬಿಟ್ಟೆ.

"ಅಜ್ಜಾರೇ, ಮುಗೀತು ಇನ್ನು."

"ಕುತಿಗಿ ಸಿಕ್ಕೈತಿ. ಭುಜ ನೆಲಕ್ಕ ಹತ್ತಿಲ್ಲ, ತಡೀರಿ." ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ಹತ್ತಿದರೇ ಸೋಲು, ಅದಕ್ಕೆ ಚಿತ್ ಅಂತಾರೆ.

ಒಂದು ಹೋಯಿತು. ಎರಡು ಹೋಯಿತು. ಮೂರನೆಯದೂ ಹೋಯಿತು. ಅಜ್ಜ ಗಲ್ಲೆ ಬಿಟ್ಟು ನನ್ನ ಬೆಂಚಿಗೇ ಬಂದು ಕೂತರು. ಅಲ್ಕರಾಜ್ ಆ ಆಟ ಉಳಿಸಿಕೊಂಡ, ಮುಂದಿನದನ್ನು ಕಿತ್ತುಕೊಂಡ, ಟೈ-ಬ್ರೇಕಿನಲ್ಲಿ ಸೆಟ್ಟನ್ನೂ ಎತ್ತಿದ. ಮೊಮ್ಮಗ ತಾಟು ಬಡಿಯುತ್ತಿದ್ದ, ಹಲಗಿ ಬಡಿದ ಹಾಗೆ. ಹತ್ತೂವರೆಗೆ ಮುಚ್ಚುವ ಖಾನಾವಳಿಗೆ ಅರ್ಧ ಷಟರ್ ಇಳಿಸಿ ಒಳಗೆ ನಾವೇ ಐದಾರು ಜನ ಉಳಿದೆವು.

"ಇದು ನಿಕಾಲಿ ಏನು, ಬರಾಬರಿ ಬಿಡ್ತಾರ?" ಒಬ್ಬ ಗೆಲ್ಲೋ ತನಕ ನಡೆಯುವ ಕುಸ್ತಿಗೆ ನಿಕಾಲಿ ಅಂತಾರೆ.

ಮೊದಲು ಇಲ್ಲಿ ಐದನೇ ಸೆಟ್‌ಗೆ ಕೊನೆಯೇ ಇರಲಿಲ್ಲ, ಎರಡು ಗೇಮ್ ಮುಂದೆ ಹೋಗುವ ತನಕ ಆಡಬೇಕಿತ್ತು. 2022ರಿಂದ 6-6 ಆದರೆ ಹತ್ತು ಪಾಯಿಂಟಿನ ಟೈ-ಬ್ರೇಕ್ ಅಂದೆ.

"ನಿಕಾಲೀನ ಹಂಗಾರ" ಅಂದು ಸಮಾಧಾನವಾದರು.

ಅಂಕಣ ಬದಲಿಸುವಾಗ ಸಿನ್ನರ್ ಕುರ್ಚಿಯಲ್ಲಿ ಕೂತದ್ದನ್ನು ತೋರಿಸಿದರು. "ಇಂವನ್ನ ನೋಡ್ರಿ. ಇಂವ ಇಲ್ಲಿ ಕುಂತಿಲ್ಲ. ಆ ಮೂರರೊಳಗ ಕುಂತಾನ." ಆಮೇಲೆ ಕೇಳದೆಯೇ ಹೇಳಿದರು. ಒಂದು ಜಾತ್ರೆಯ ಕುಸ್ತಿ. ಎದುರಾಳಿಯನ್ನು ಎರಡು ಸಲ ಕೆಡವಿದ್ದರು. ಒಂದು ಭುಜ ನೆಲಕ್ಕೆ ಹತ್ತಿತ್ತು, ಇನ್ನೊಂದು ನಾಲ್ಕು ಬೆರಳು ಮೇಲಿತ್ತು. ಪಂಚರು ಸೀಟಿ ಊದಿದರು ಅಂತ ಇವರಿಗೆ ಕೇಳಿಸಿತು. ಊದಿರಲಿಲ್ಲ. ಕೈ ಸಡಿಲ ಬಿಟ್ಟರು.

"ಆಮ್ಯಾಲ?" ಮೊಮ್ಮಗನ ದನಿಯಿಂದ ಗೊತ್ತಾಯಿತು, ಅವನೂ ಈ ಕಥೆ ಮೊದಲ ಸಲ ಕೇಳುತ್ತಿದ್ದ.

"ಆಮ್ಯಾಲ ಏನು, ಚಿತ್. ಊರಾಗ ಯಾರೂ ಏನೂ ಅನ್ನಲಿಲ್ಲ. ನಮ್ಮವ್ವ ರೊಟ್ಟಿ ಹಾಕಿದ್ಲು. ಉಂಡೆ. ಐವತ್ತು ವರ್ಷ ಆತು ತಮ್ಮಾ, ಆ ನಾಕು ಬೆರಳು ಇನ್ನೂ ಹಂಗ ಐತಿ." ಕೈ ಎತ್ತಿ ಅಳತೆ ತೋರಿಸಿದರು. ಆ ಕೈಯನ್ನು ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ನನಗೆ ಟಿವಿ ನೋಡೋಕೆ ಆಗಲಿಲ್ಲ.

ಐದನೇ ಸೆಟ್‌ನಲ್ಲಿ 5-4ಕ್ಕೆ ಅಲ್ಕರಾಜ್ ಇನ್ನೇನು ಮುಗಿಸಬೇಕು, ಸಿನ್ನರ್ ತಿರುಗಿ ಬಿದ್ದ. ಅಜ್ಜ ತೊಡೆ ತಟ್ಟಿದರು. ಯಾರ ಕಡೆಯೂ ಅಲ್ಲದವರು! ಟೈ-ಬ್ರೇಕ್ ಮಾತ್ರ ಒಂದೇ ಕಡೆಯಾಯಿತು, 10-2. 5 ತಾಸು 29 ನಿಮಿಷ. ಫ್ರೆಂಚ್ ಓಪನ್ ಚರಿತ್ರೆಯ ಅತಿ ಉದ್ದದ ಫೈನಲ್ ಅಂತ ಟಿವಿಯವರು ಕಿರುಚುತ್ತಿದ್ದರು. ನಮ್ಮಲ್ಲಿ ಹನ್ನೆರಡು ದಾಟಿತ್ತು.

ಕೊನೆಯ ಹೊಡೆತ ಹೊಡೆದ ಅಲ್ಕರಾಜ್ ಬೆನ್ನ ಮೇಲೆ ಅಂಗಾತ ಬಿದ್ದ. ಅಜ್ಜ ಗಾಬರಿಯಾಗಿ ಎದ್ದರು.

"ಯಾಂವ ಗೆದ್ದ?"

"ಬಿದ್ದಿದ್ದಾನಲ್ಲ, ಅವನೇ."

"ಗೆದ್ದಾಂವ ಚಿತ್ ಬಿದ್ದಾನ? ಬೆನ್ನಿಗೆಲ್ಲ ಮಣ್ಣು ಹತ್ತೇತಲ್ರಿ! ಸೋತಾಂವ ನಿಂತಾನ!" ಇದನ್ನು ಅವರು ನಂಬಲೇ ಇಲ್ಲ. ಖುಷಿಗೆ ಹಾಗೆ ಬೀಳುತ್ತಾರೆ ಅಂದೆ. "ಖುಷಿಗೆ ಯಾರಾರ ಬೆನ್ನು ಕೊಡ್ತಾರೇನು?" ಅಂತ ಷಟರ್ ಎಳೆಯುವವರೆಗೂ ಗೊಣಗಿದರು.

ಬೆಳಿಗ್ಗೆ ರೈಲಿಗೆ ಮುಂಚೆ ರೊಟ್ಟಿ ಕಟ್ಟಿಸಿಕೊಳ್ಳಲು ಹೋದೆ. ರಾತ್ರಿ ಒಟ್ಟು ಪಾಯಿಂಟಿನಲ್ಲಿ ಸಿನ್ನರ್ 193, ಅಲ್ಕರಾಜ್ 192 ಅಂತ ಓದಿದ್ದೆ. ಸೋತವನದೇ ಒಂದು ಜಾಸ್ತಿ! ಅಜ್ಜನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಪೊಟ್ಟಣಕ್ಕೆ ಇನ್ನೂ ಎರಡು ರೊಟ್ಟಿ ಇಟ್ಟರು, ದುಡ್ಡು ಎರಡಕ್ಕೂ ತಗೊಂಡರು.

"ಮತ್ತ ಯಾವಾಗ ಈ ಜೋಡಿ?"

"ಮುಂದಿನ ತಿಂಗಳು ಸಿಗಬಹುದು. ಲಂಡನ್ನಿನಲ್ಲಿ, ಹುಲ್ಲಿನ ಮೇಲೆ."

"ಹುಲ್ಲಿನ ಮ್ಯಾಲ!" ಮುಖ ಸಿಂಡರಿಸಿದರು. ಬಾದಾಮಿಯ ಹೋಟೆಲಲ್ಲಿ ಪನೀರ್ ಕಂಡಾಗ ನನ್ನ ಮುಖವೂ ಹಾಗೇ ಆಗಿರಬೇಕು.

ಜುಲೈ 13ರ ರಾತ್ರಿ ಪೊಟ್ಟಣದ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಸಿನ್ನರ್ ವಿಂಬಲ್ಡನ್ ಗೆದ್ದಿದ್ದ, ಅದೇ ಅಲ್ಕರಾಜನ ಮೇಲೆ, 4-6, 6-4, 6-4, 6-4. ಆ ಹೊತ್ತು ಖಾನಾವಳಿಯಲ್ಲಿ ಬೇರೆ ಏನೋ ಹಾಕಿದ್ದರು. ಹೇಳಿದೆ.

"ಹೌದ? ಈ ಸಲ ಬೆನ್ನ ಮ್ಯಾಲ ಬಿದ್ನೇನು?"

"ಇಲ್ಲ ಅಜ್ಜಾರೇ. ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿ, ನೆಲಕ್ಕೆ ಕೈ ಬಡಿದ."

"ಹಂ" ಅಂದರು. "ಯಾರೋ ಹೇಳ್ಯಾರ ಅವಂಗ."