೧೪೪ ಮಹಡಿ, ಲಿಫ್ಟ್ ಇಲ್ಲ

ನಿನ್ನೆ ರಾತ್ರಿ ಎರಡೂವರೆಗೆ ಹ್ಯೂ ಹೌವಿ ಬರೆದ 'ವೂಲ್' ಕಾದಂಬರಿಯ ಮೂರನೇ ಭಾಗ ಮುಗಿಸಿದೆ. ದಿನಕ್ಕೊಂದೇ ಭಾಗ ಓದೋದು ಅಂತ ನನಗೆ ನಾನೇ ಹಾಕಿಕೊಂಡಿದ್ದ ನಿಯಮ ಎರಡನೇ ದಿನಕ್ಕೇ ಮುರಿದುಬಿತ್ತು.

ಕತೆಯಲ್ಲಿ ಹೊರಗಿನ ಗಾಳಿ ಪೂರ್ತಿ ವಿಷ. ಉಳಿದ ಜನ ನೆಲದೊಳಗೆ ೧೪೪ ಮಹಡಿಯ ಒಂದು ದೊಡ್ಡ ಕೊಳವೆಯಲ್ಲಿ ಬದುಕುತ್ತಾರೆ. ಓಡಾಡೋಕೆ ಇರೋದು ಒಂದೇ ಸುತ್ತು ಮೆಟ್ಟಿಲು. ನನಗೆ ಹಿಡಿಸಿದ್ದು ಲೋಕ ಹಾಳಾದ ಕತೆಗಿಂತ ಜಾಸ್ತಿ ಈ ಮೆಟ್ಟಿಲೇ. ಕೆಳಗೆ ಯಂತ್ರ ನೋಡಿಕೊಳ್ಳುವವರನ್ನ ಮೇಲಿನವರು ಕಾಣೋದೇ ಅಪರೂಪ. ಕಂಪ್ಯೂಟರಲ್ಲಿ ಸಂದೇಶ ಕಳಿಸಿದರೆ ಅಕ್ಷರಕ್ಕಿಷ್ಟು ಅಂತ ದುಡ್ಡು! ಜನ ದೂರ ಆಗೋಕೆ ಬೇರೆ ಗೋಡೆ ಯಾಕೆ ಬೇಕು? ನಮ್ಮ ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಕೆಟ್ಟು ನಾಲ್ಕು ದಿನ ಆಯ್ತು, ಐದನೇ ಮಹಡಿಯ ಅಜ್ಜಿಯನ್ನ ಯಾರೂ ನೋಡಿಲ್ಲ. ಇವತ್ತು ಹತ್ತಿ ಹೋಗಿ ಬರಬೇಕು. ಅಂದುಕೊಂಡಿದ್ದೇನೆ ಅಷ್ಟೇ, ಮಂಡಿ ಒಪ್ಪಬೇಕಲ್ವಾ.

ಇನ್ನೊಂದು ಮಜಾ. ೨೦೧೧ರಲ್ಲಿ ಇದು ಸುಮ್ನೆ ಒಂದು ಸಣ್ಣ ಕತೆಯಾಗಿ ಇ-ಪುಸ್ತಕದಲ್ಲಿ ಬಂದಿತ್ತು. ಪ್ರಕಾಶಕರು ಯಾರೂ ಇಲ್ಲ, ಹೌವಿ ತಾನೇ ಹಾಕಿದ್ದು. ಓದಿದವರು ಮುಂದೇನು, ಮುಂದೇನು ಅಂತ ಬೆನ್ನು ಹತ್ತಿದರು. ಆಮೇಲೆ ಇನ್ನೂ ನಾಲ್ಕು ಭಾಗ ಬಂದವು. ಮೊದಲ ಭಾಗದ ಕೊನೆ ಓದಿದ ಮೇಲೆ ಅವರ ಸಂಕಟ ನನಗೂ ಅರ್ಥ ಆಯ್ತು. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಪತ್ರ ಬರೆಯುತ್ತಿದ್ದೆ.

ಇನ್ನೆರಡು ಭಾಗ ಉಳಿದಿದೆ. ಓದಿದವರು ದಯವಿಟ್ಟು ಕೊನೆ ಹೇಳಬೇಡಿ.