ಸರ್ವೆಗೆ ಹೋದರೆ ಮೊದಲು ದೆವ್ವದ ಕತೆ ಕೇಳಿ

ಪುರಾತತ್ವ ಸರ್ವೆ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಊರಿಗೆ ಕಾಲಿಟ್ಟ ಕೂಡಲೇ 'ಇಲ್ಲಿ ಹಳೇ ಸಮಾಧಿ ಇದೆಯಾ' ಅಂತ ಕೇಳಬೇಡಿ. ಇದೆ ಅಂತ ಯಾರೂ ಹೇಳುವುದಿಲ್ಲ. 'ಕತ್ತಲಾದ ಮೇಲೆ ನೀವು ಯಾವ ಕಡೆ ಹೋಗಲ್ಲ' ಅಂತ ಕೇಳಿ. 'ಯಾವ ಜಾಗದಲ್ಲಿ ಕುರಿ ತರುಬಲ್ಲ' ಅಂತ ಕೇಳಿ. ಕಟ್ಟೆ ಮೇಲೆ ಕೂತವರೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸುತ್ತಾರೆ.

ಕೊಪ್ಪಳ, ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಕಡೆ ಕೆಲಸ ಮಾಡುತ್ತಾ ನಾನು ಕಲಿತದ್ದು ಇದು. ಕಬ್ಬಿಣ ಬಳಸಲು ಕಲಿತ ಕಾಲದ ಜನ ಇಲ್ಲೆಲ್ಲ ಸತ್ತವರಿಗಾಗಿ ನೆಲದೊಳಗೆ ಕಲ್ಲಿನ ಕೋಣೆ ಕಟ್ಟಿದ್ದಾರೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿ, ಮಣ್ಣು ಎಳೆದಿದ್ದಾರೆ. ಹೊರಗೆ ಕಾಣುವುದು ಸುತ್ತಲೂ ಜೋಡಿಸಿದ ಗುಂಡುಕಲ್ಲು ಮಾತ್ರ. ಜಾಲಿ ಬೆಳೆದರೆ ಅದೂ ಕಾಣುವುದಿಲ್ಲ. ಉಪಗ್ರಹದ ಚಿತ್ರ ಎಷ್ಟು ದೊಡ್ಡದು ಮಾಡಿ ನೋಡಿದರೂ ಅಷ್ಟೇ. ಆದರೆ 'ಅಮಾಸಿ ರಾತ್ರಿ ಅಲ್ಲಿ ದೀಪ ಓಡಾಡ್ತಾವ ನೋಡ್ರಿ ಸರ, ನಮ್ಮಪ್ಪ ಕಣ್ಣಾರೆ ಕಂಡಿದ್ದ' ಅಂತ ಅಜ್ಜ ಒಬ್ಬರು ಹೇಳಿದ ದಿಬ್ಬಕ್ಕೆ ಹೋಗಿ ಪೊದೆ ಸರಿಸಿದರೆ, ಕಲ್ಲಿನ ಸುತ್ತು ಸಾಲಾಗಿ ಸಿಗುತ್ತದೆ. ಪ್ರತಿ ಸಲವೂ ಸಿಗುತ್ತದೆ ಅಂತಲ್ಲ. ಆದರೂ ನಾನು ನಕಾಶೆ ಬಿಚ್ಚುವ ಮುಂಚೆ ಈ ಕತೆಗಳನ್ನೇ ಕೇಳುತ್ತೇನೆ.

ಕತೆಗಳಲ್ಲಿ ದೊಡ್ಡದು ಮೋರ್ಯರದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ಸುಮಾರು 400 ಕಲ್ಲು ಸಮಾಧಿಗಳಿವೆ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿದವು. ಅಲ್ಲಿಯವು ಹೆಚ್ಚಾಗಿ ನೆಲದ ಮೇಲೆಯೇ ನಿಂತಿವೆ. ಸುತ್ತಲಿನ ಜನ ಅದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಮೋರ್ಯರು ಅಂದರೆ ಮೂರಡಿ ಎತ್ತರದ ಕುಳ್ಳ ಜನ, ಆದರೆ ಭಾರೀ ಬಲಶಾಲಿಗಳು. ಆಕಾಶದಿಂದ ಬೆಂಕಿ ಮಳೆ ಸುರಿಯುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಯಿತಂತೆ. ತಪ್ಪಿಸಿಕೊಳ್ಳಲು ಕಲ್ಲಿನ ಮನೆ ಕಟ್ಟಿಕೊಂಡರಂತೆ. ಬೆಂಕಿ ಮಳೆ ಬಂದೇ ಬಂತು, ಒಳಗೇ ಎಲ್ಲರೂ ಸತ್ತರು. ಅವರು ಇನ್ನೂ ಅಲ್ಲೇ ಇದ್ದಾರೆ ಅನ್ನುವುದು ಕತೆಯ ಕೊನೆ.

ಇದನ್ನು ಕೇಳಿ ನಕ್ಕುಬಿಡುವ ಸಹೋದ್ಯೋಗಿಗಳನ್ನು ನೋಡಿದ್ದೇನೆ. ನನಗೆ ನಗು ಬರುವುದಿಲ್ಲ. ಈ ಕತೆಯ ಒಳಗೆ ಎಂಥ ಲೆಕ್ಕಾಚಾರ ಇದೆ ನೋಡಿ. ಕಲ್ಲುಮನೆಯ ಚಪ್ಪಡಿಯಲ್ಲಿ ಒಂದು ದುಂಡನೆ ಕಿಂಡಿ ಇರುತ್ತದೆ. ಅದೇ ಬಾಗಿಲು ಅಂದುಕೊಂಡರೆ ಒಳಗಿದ್ದವರು ಕುಳ್ಳರೇ ಆಗಿರಬೇಕು, ಅಲ್ವಾ? ಅಷ್ಟು ದೊಡ್ಡ ಚಪ್ಪಡಿ ಎತ್ತಿದ್ದಾರೆ ಅಂದರೆ ಬಲ ಇದ್ದವರೇ ಆಗಿರಬೇಕು. ಹುಲ್ಲಿನ ಮಾಡು ಬಿಟ್ಟು ಕಲ್ಲಿನ ಮಾಡು ಹಾಕಿದ್ದಾರೆ ಅಂದರೆ ಮೇಲಿಂದ ಬರುವ ಏನಕ್ಕೋ ಹೆದರಿರಬೇಕು. ಕಣ್ಣೆದುರಿಗೆ ಇದ್ದದ್ದನ್ನು ನೋಡಿ ಜನ ಮಾಡಿದ ಊಹೆ ಇದು. ಉತ್ತರ ತಪ್ಪಿರಬಹುದು, ನೋಡಿದ ಕಣ್ಣು ಚುರುಕಾಗಿದೆ. 19ನೇ ಶತಮಾನದಲ್ಲಿ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಲು ಸಮಾಧಿಗಳ ಬಗ್ಗೆ ಬರೆದಾಗಲೂ ಅಲ್ಲಿನ ಜನ ಹೇಳಿದ್ದು ಕುಳ್ಳ ಮೋರ್ಯರ ಕತೆಯನ್ನೇ. ಜೇವರ್ಗಿ ಹತ್ತಿರ ಅವನು ಬಿಡಿಸಿದ ಗೋರಿಗಳಲ್ಲಿ ರುಂಡ ಮುಂಡ ಬೇರೆಯಾದ ಎಲುಬುಗೂಡುಗಳು ಸಿಕ್ಕವು. ಬಾವಿ ತೋಡುವಾಗ ಅಂಥದ್ದು ಎದುರಾದ ರೈತ ಮನೆಗೆ ಬಂದು ಏನು ಹೇಳಿಯಾನು?

ಕಿಂಡಿಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ದೆವ್ವ ಅದರಿಂದಲೇ ಬಂದು ಹೋಗುತ್ತದೆ ಅನ್ನುವ ಮಾತು ಹಲವು ಊರುಗಳಲ್ಲಿ ನನ್ನ ಕಿವಿಗೆ ಬಿದ್ದಿದೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನ ಇರುವ ಅದೇ ಜಾಗದಲ್ಲಿ, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ನೆಲದೊಳಗಿನ ಕಲ್ಲುಕೋಣೆಗಳನ್ನು ಬಿಡಿಸಿದಾಗ ಪೂರ್ವ ದಿಕ್ಕಿನ ಚಪ್ಪಡಿಯಲ್ಲಿ ಕಿಂಡಿ ಇತ್ತು. ಒಳಗೆ ಕಪ್ಪು ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಬಿಡಿ ಎಲುಬು. ಹೆಣವನ್ನು ಮೊದಲು ಬೇರೆ ಕಡೆ ಇಟ್ಟು, ಆಮೇಲೆ ಎಲುಬು ಆರಿಸಿ ತಂದು ಇಲ್ಲಿಟ್ಟಿದ್ದಾರೆ. ಅಂದರೆ ಇದು ಒಂದು ಸಲ ಮುಚ್ಚಿ ಮರೆಯುವ ಗೋರಿ ಅಲ್ಲ. ಮನೆಯಲ್ಲಿ ಇನ್ನೊಬ್ಬರು ಸತ್ತಾಗ ಮತ್ತೆ ತೆರೆಯುವ ಜಾಗ. ಕಿಂಡಿಯಿಂದ ಬಂದು ಹೋಗುತ್ತಿದ್ದವರು ನಿಜವಾಗಿಯೂ ಇದ್ದರು. ಅವರು ಬದುಕಿದ್ದವರು, ತಮ್ಮವರ ಎಲುಬು ಹೊತ್ತು ತಂದವರು. ಈ ಮಾತನ್ನು ಊರವರಿಗೆ ಹೇಳಿದಾಗ ಅವರ ಮುಖದಲ್ಲಿ ಆಗುವ ಬದಲಾವಣೆಗೋಸ್ಕರವೇ ನಾನು ಈ ಕೆಲಸ ಮಾಡುತ್ತೇನೆ ಅಂದರೂ ಸರಿ. 'ಹಂಗಾದ್ರ ನಮ್ಮಂಗ ಮಣ್ಣು ಮಾಡೋರ ಅನ್ನು' ಅಂದರು ಒಬ್ಬ ಅಜ್ಜಿ.

ಹಾಗಂತ 'ದೆವ್ವ ಗಿವ್ವ ಏನೂ ಇಲ್ಲ' ಅಂತ ಭಾಷಣ ಮಾಡಿ ಬರಬೇಡಿ. ಎಷ್ಟೋ ಸಮಾಧಿಗಳು ಇಷ್ಟು ಕಾಲ ಉಳಿದದ್ದು ಬೇಲಿಯಿಂದಲ್ಲ, ಫಲಕದಿಂದಲ್ಲ. ಹೆದರಿಕೆಯಿಂದ. ನೇಗಿಲು ಆ ಸುತ್ತನ್ನು ಬಳಸಿಕೊಂಡು ಹೋಗಿದೆ. ಈಗ ಆ ಹೆದರಿಕೆ ಕಮ್ಮಿಯಾಗುತ್ತಿದೆ. ಜೆಸಿಬಿ ಬಂದಿದೆ. ಎಲ್ಲಿಂದಲೋ ಕೂಲಿಗೆ ಬಂದ ಡ್ರೈವರ್‌ಗೆ ಆ ಊರಿನ ಕತೆ ಗೊತ್ತಿರುವುದಿಲ್ಲ, ಗುಂಡುಕಲ್ಲು ತಳ್ಳಿ ಅಂಚಿಗೆ ಹಾಕುತ್ತಾನೆ.

ಅದಕ್ಕಿಂತ ನನಗೆ ಜಾಸ್ತಿ ಸಂಕಟ ಕೊಡುವುದು ನಿಧಿಗಳ್ಳರು. ಅದೇ ಕತೆಗೆ ಅವರು ಬೇರೆ ಅರ್ಥ ಹಚ್ಚುತ್ತಾರೆ. ದೆವ್ವ ಇದೆ ಅಂದರೆ ಕಾವಲಿದೆ, ಕಾವಲಿದೆ ಅಂದರೆ ಚಿನ್ನ ಇದೆ ಅನ್ನುವ ಲೆಕ್ಕ. ರಾತ್ರಿ ಬಂದು ಚಪ್ಪಡಿ ಒಡೆದು, ಮಡಕೆ ಚೂರು ಮಾಡಿ, ನಿಂಬೆಹಣ್ಣು ಕುಂಕುಮ ಬಿಟ್ಟು ಹೋಗಿರುತ್ತಾರೆ. ಚಿನ್ನ ಹುಡುಕಿ ಎಲುಬು ಎಸೆದಿರುತ್ತಾರೆ. ಎಲುಬು ಯಾವ ಮಡಕೆಯ ಪಕ್ಕ, ಯಾವ ದಿಕ್ಕಿಗೆ ಇತ್ತು ಅನ್ನುವುದೇ ನಮಗೆ ಬೇಕಾದ ಸಂಗತಿ. ಒಮ್ಮೆ ಕಲಸಿಹೋದರೆ ಅದು ಮತ್ತೆ ಸಿಗುವುದಿಲ್ಲ. ಹಾಗಾಗಿ ಊರ ಸಭೆಯಲ್ಲಿ, ಶಾಲೆಯಲ್ಲಿ, ಚಹಾದಂಗಡಿಯಲ್ಲಿ ನಾನು ತಪ್ಪದೆ ಹೇಳುವುದು ಒಳಗೆ ಏನಿರುತ್ತದೆ ಅನ್ನುವುದನ್ನು. ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮಣಿ, ಎಲುಬು. ಇದು ಅರ್ಥವಾದ ಊರಿನಲ್ಲಿ ಹುಡುಗರೇ ಕಾವಲು ನಿಲ್ಲುತ್ತಾರೆ.

ಹೊಸಬರಿಗೆ ಇನ್ನೊಂದು ಮಾತು. ಕತೆಯನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಿ ಚಂದ ಮಾಡಬೇಡಿ. ಅದರಲ್ಲಿ ಬರುವ ಹುಣಸೇಮರ, ಹಳ್ಳ, ಹಳೇ ಬಂಡಿದಾರಿ ಎಲ್ಲ ನಮಗೆ ಗುರುತು. ಹೇಳುವವರು ಬಹುಪಾಲು ವಯಸ್ಸಾದವರು. ಮುಂದಿನ ಸಲ ಕೇಳೋಣ ಅಂತ ಬಿಡಬೇಡಿ.

ಓದುವವರಲ್ಲಿ ಯಾರದಾದರೂ ಹೊಲದಲ್ಲಿ ಇಂಥ ಚಪ್ಪಡಿಯೋ ಕಲ್ಲಿನ ಸುತ್ತೋ ಕಂಡರೆ ಅಗೆಯಬೇಡಿ. ಜಾಗದ ಗುರುತಿನ ಜೊತೆ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅದು ನಿಧಿಗಳ್ಳರಿಗೂ ತಲುಪುತ್ತದೆ. ತಹಶೀಲ್ದಾರ್ ಕಚೇರಿಗೋ ಮೈಸೂರಿನ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಿ. ಆ ಜಾಗದ ಬಗ್ಗೆ ಮನೆಯ ಹಿರಿಯರು ಹೇಳುವ ಕತೆಯನ್ನೂ ಜೊತೆಗೆ ಬರೆದು ಕೊಡಿ.