ಬೇಸಿಗೆ ಶಿಬಿರದ ರಾತ್ರಿ: ಯಾರ ಪಕ್ಕದಲ್ಲಿ ಯಾರ ಹಾಸಿಗೆ?

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ನಡೆಯುವ ಮಕ್ಕಳ ವಸತಿ ಶಿಬಿರವೊಂದರಲ್ಲಿ ಊಟ ಮತ್ತು ವಸತಿಯ ಹೊಣೆ ಹಲವು ವರ್ಷಗಳಿಂದ ನನ್ನದು. ಹೆಸರು ಬರೆಸಲು ಬರುವ ಪೋಷಕರು ನಾಟಕವನ್ನು ಯಾರು ಕಲಿಸುತ್ತಾರೆ, ಕವಲೇದುರ್ಗದ ಕೋಟೆಗೆ ಕರೆದುಕೊಂಡು ಹೋಗುತ್ತೀರಾ, ಬೆಳಗಿನ ತಿಂಡಿ ಏನು ಎಂದೆಲ್ಲ ವಿವರವಾಗಿ ವಿಚಾರಿಸುತ್ತಾರೆ. ಮಗು ರಾತ್ರಿ ಯಾವ ಕೊಠಡಿಯಲ್ಲಿ, ಎಷ್ಟು ವಯಸ್ಸಿನವರ ಜೊತೆ ಮಲಗುತ್ತದೆ ಎಂದು ಕೇಳುವವರು ಅಪರೂಪ. ಆದರೆ ಮಗು ಶಿಬಿರಕ್ಕೆ ಹೊಂದಿಕೊಳ್ಳುತ್ತದೆಯೋ ಅಥವಾ ಮೂರನೆಯ ದಿನವೇ ಮನೆಗೆ ಹೋಗುತ್ತೇನೆಂದು ಹಟ ಹಿಡಿಯುತ್ತದೆಯೋ ಎಂಬುದು ಬಹುಮಟ್ಟಿಗೆ ಈ ಕೇಳದ ಪ್ರಶ್ನೆಯನ್ನೇ ಅವಲಂಬಿಸಿರುತ್ತದೆ ಎಂಬುದನ್ನು ನಾನು ಈ ಕೆಲಸದಲ್ಲಿ ಕಂಡುಕೊಂಡಿದ್ದೇನೆ.

ನಮ್ಮಲ್ಲಿಗೆ ಏಳರಿಂದ ಹದಿನೈದು ವರ್ಷದವರೆಗಿನ ಮಕ್ಕಳು ಬರುತ್ತಾರೆ. ಹಗಲಿನ ಚಟುವಟಿಕೆಗಳಲ್ಲಿ ಎಲ್ಲ ವಯಸ್ಸಿನವರನ್ನೂ ಬೆರೆಸುತ್ತೇವೆ. ಬೆರೆಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಡಿಕೆ ಹಾಳೆಯಿಂದ ಮುಖವಾಡ ಮಾಡುವಾಗ ಕತ್ತರಿ ಹಿಡಿಯಲು ಬಾರದ ಎರಡನೇ ತರಗತಿಯ ಹುಡುಗನಿಗೆ ಎಂಟನೇ ತರಗತಿಯ ಹುಡುಗಿ ತೋರಿಸಿಕೊಡುವಷ್ಟು ಚೆನ್ನಾಗಿ ನಾವು ಯಾರೂ ತೋರಿಸಿಕೊಡಲಾರೆವು. ರಾತ್ರಿಯ ಗುಂಪಿನ ಲೆಕ್ಕವೇ ಬೇರೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಕೊಠಡಿಗಳನ್ನು ಗೊತ್ತುಮಾಡಿದ ಮೇಲೆ, ಒಂದು ಕೊಠಡಿಯಲ್ಲಿರುವ ಮಕ್ಕಳ ನಡುವಿನ ಅಂತರ ಸಾಧ್ಯವಾದಷ್ಟು ಎರಡು ವರ್ಷವನ್ನು ಮೀರದಂತೆ ನೋಡಿಕೊಳ್ಳುತ್ತೇವೆ. ಇದಕ್ಕೆ ತರಗತಿಯನ್ನು ನಂಬುವಂತಿಲ್ಲ. ಒಂದೇ ತರಗತಿಯಲ್ಲಿ ಬೇಗ ಶಾಲೆಗೆ ಸೇರಿದವರೂ ತಡವಾಗಿ ಸೇರಿದವರೂ ಇರುವುದರಿಂದ ಜನ್ಮದಿನಾಂಕವನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತೇವೆ.

ಮೊದಲ ಕಾರಣ ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಹರೆಯಕ್ಕೆ ಕಾಲಿಟ್ಟವರಿಗೆ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ. ಅದು ದೇಹದ ಸ್ವಭಾವವೇ ಹೊರತು ಮೊಂಡುತನವಲ್ಲ. ಹೀಗಿರುವಾಗ ಎಂಟು ವರ್ಷದವನನ್ನೂ ಹದಿನಾಲ್ಕು ವರ್ಷದವನನ್ನೂ ಒಂದೇ ಕೊಠಡಿಯಲ್ಲಿ ಮಲಗಿಸಿದರೆ ದೊಡ್ಡವನ ಮಾತು, ನಗು, ಟಾರ್ಚಿನ ಬೆಳಕಿನಿಂದ ಚಿಕ್ಕವನ ನಿದ್ದೆ ಕೆಡುತ್ತದೆ ಮತ್ತು ಮರುದಿನ ಮಧ್ಯಾಹ್ನದ ಹೊತ್ತಿಗೆ ಅವನು ಸಣ್ಣದಕ್ಕೂ ಅಳತೊಡಗುತ್ತಾನೆ. ಅದನ್ನು ನೋಡಿದವರು ಮಗುವಿಗೆ ಮನೆಯ ನೆನಪಾಗಿದೆ ಎನ್ನುತ್ತಾರೆ. ಎಷ್ಟೋ ಸಲ ಅದು ಬರೀ ನಿದ್ದೆಗೇಡು.

ಎರಡನೆಯದು ಮಾನದ ಪ್ರಶ್ನೆ. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಇನ್ನೂ ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತಾರೆ. ಅರ್ಜಿಯಲ್ಲಿ ಈ ಬಗ್ಗೆ ಒಂದು ಪ್ರಶ್ನೆ ಇದ್ದರೂ ಸಂಕೋಚದಿಂದ ಕೆಲವು ತಾಯಂದಿರು ಅದನ್ನು ಖಾಲಿ ಬಿಡುತ್ತಾರೆ. ಆದ್ದರಿಂದ ಚಿಕ್ಕವರ ಕೊಠಡಿಯಲ್ಲಿ ಒಬ್ಬಿಬ್ಬರಿಗಲ್ಲ, ಪ್ರತಿಯೊಬ್ಬರ ಹಾಸಿಗೆಗೂ ಒಂದೇ ಬಣ್ಣದ ರಬ್ಬರ್ ಶೀಟ್ ಹಾಕಿ ಅದರ ಮೇಲೆ ಬೆಡ್‌ಶೀಟ್ ಹೊದಿಸುತ್ತೇವೆ. ಮೇಲ್ವಿಚಾರಕರು ತಾವು ಮಲಗುವ ಮುನ್ನ ಎಲ್ಲರನ್ನೂ ಎಬ್ಬಿಸಿ ಶೌಚಾಲಯಕ್ಕೆ ಕಳುಹಿಸುತ್ತಾರೆ, ಬೆಳಿಗ್ಗೆ ಒದ್ದೆಯಾದ ಬಟ್ಟೆಯನ್ನು ಉಳಿದ ಬಟ್ಟೆಗಳ ಜೊತೆಗೇ ತೆಗೆದುಕೊಂಡು ಹೋಗುತ್ತಾರೆ. ಚಿಕ್ಕವರು ಇದನ್ನು ಗಮನಿಸುವುದೂ ಇಲ್ಲ. ಅದೇ ಕೊಠಡಿಯಲ್ಲಿ ಹನ್ನೆರಡು ವರ್ಷದವರೊಬ್ಬರು ಇದ್ದರೆ ತಿಂಡಿಯ ಹೊತ್ತಿಗೆ ಇಡೀ ಶಿಬಿರಕ್ಕೆ ಸುದ್ದಿ ತಿಳಿದಿರುತ್ತದೆ.

ದೊಡ್ಡ ಮಕ್ಕಳ ಸಂಕೋಚವೂ ಅಷ್ಟೇ ನಿಜ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಎಂಟರಿಂದ ಹದಿಮೂರು, ಗಂಡುಮಕ್ಕಳಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದ ನಡುವೆ ದೇಹದ ಬದಲಾವಣೆ ಆರಂಭವಾಗುತ್ತದೆ. ಹನ್ನೆರಡರ ಹುಡುಗಿಗೆ ತನ್ನ ಚೀಲದಲ್ಲಿರುವ ಪ್ಯಾಡ್ ಏನೆಂದು ಏಳು ವರ್ಷದ ಮಗುವಿಗೆ ವಿವರಿಸುವ ಪ್ರಸಂಗ ಬರಬಾರದು. ಹೊರಗೆ ಹೋಗಿ ಬಂದ ದಿನ ಮೈ ಪರೀಕ್ಷಿಸುವ ಕೆಲಸವೂ ಈ ಲೆಕ್ಕಕ್ಕೇ ಸೇರುತ್ತದೆ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಮತ್ತು ಅದು ಹೆಚ್ಚಾಗಿ ಕಾಣಿಸಿಕೊಳ್ಳುವ ಕಾಲದಲ್ಲೇ ಬೇಸಿಗೆ ರಜೆಯೂ ಬರುತ್ತದೆ. ಹಾಗಾಗಿ ಕಾಡಿನೊಳಗಿನ ನಡಿಗೆಯನ್ನು ನಾವು ಇಟ್ಟುಕೊಳ್ಳುವುದಿಲ್ಲ. ತೋಟದ ಅಂಚಿಗೆ ಹೋಗಿ ಬಂದರೂ ಕಿವಿಯ ಹಿಂದೆ, ಕಂಕುಳು, ಸೊಂಟದ ಸುತ್ತ ನೋಡಿ, ಬಿಸಿನೀರಿನ ಸ್ನಾನ ಮಾಡಿಸಿ ಬಟ್ಟೆ ಬದಲಿಸುತ್ತೇವೆ. ಚಿಕ್ಕವರನ್ನು ಇಬ್ಬರು ಮೇಲ್ವಿಚಾರಕರು ಜೊತೆಗಿದ್ದು ನೋಡಬೇಕು. ಹನ್ನೊಂದು ದಾಟಿದವರಿಗೆ ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟು ಬಚ್ಚಲುಮನೆಗೆ ಕಳುಹಿಸಿದರೆ ಸಾಕು. ವಯಸ್ಸಿನ ಪ್ರಕಾರ ಕೊಠಡಿಗಳಿದ್ದರೆ ಈ ಎರಡೂ ಕೆಲಸ ಗೊಂದಲವಿಲ್ಲದೆ ನಡೆಯುತ್ತವೆ.

ಅತಿ ಹೆಚ್ಚು ಮಾತು ನಡೆಯುವುದು ಒಡಹುಟ್ಟಿದವರ ವಿಷಯದಲ್ಲಿ. ಸಾಗರದ ಕಡೆಯ ತಾಯಿಯೊಬ್ಬರು, "ಅಕ್ಕ ಪಕ್ಕದಲ್ಲಿ ಇಲ್ಲದಿದ್ದರೆ ಇವಳು ಮಲಗುವುದೇ ಇಲ್ಲ ಮೇಡಂ. ಅಜ್ಜಿಮನೆಯಲ್ಲಿ ಎಲ್ಲ ಮಕ್ಕಳೂ ಜಗಲಿಯಲ್ಲಿ ಸಾಲಾಗಿ ಮಲಗುವುದಿಲ್ಲವೇ?" ಎಂದು ಕೇಳಿದರು. ನಾನೂ ಹಾಗೆ ಮಲಗಿ ಬೆಳೆದವಳೇ. ಆ ರೂಢಿಯ ಮೇಲೆ ನನಗೆ ಪ್ರೀತಿಯಿದೆ. ಆದರೆ ಜಗಲಿಯಲ್ಲಿ ಮಲಗುವ ಮಕ್ಕಳು ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ಬಲ್ಲವರು, ಒಳಗಿನಿಂದ ಅಜ್ಜಿಯ ಕಿವಿ ಅವರ ಮೇಲೆಯೇ ಇರುತ್ತದೆ. ಶಿಬಿರದಲ್ಲಿ ಅಕ್ಕನ ಪಕ್ಕ ಮಲಗುವ ತಂಗಿ ಅಕ್ಕನ ವಯಸ್ಸಿನ, ಆ ದಿನ ಬೆಳಿಗ್ಗೆಯಷ್ಟೇ ಪರಿಚಯವಾದ ಮಕ್ಕಳ ನಡುವೆಯೂ ಮಲಗಬೇಕಾಗುತ್ತದೆ. ಅದೂ ಅಲ್ಲದೆ ಆ ಅಕ್ಕನಿಗೂ ಹನ್ನೆರಡೇ ವರ್ಷ. ವರ್ಷವಿಡೀ ತಂಗಿಯನ್ನು ನೋಡಿಕೊಳ್ಳುವ ಹುಡುಗಿಗೆ ರಜೆಯಲ್ಲಾದರೂ ತನ್ನ ಓರಗೆಯವರ ಜೊತೆ ಹರಟಲು ಬಿಡುವು ಸಿಗಬೇಡವೇ? ಇಬ್ಬರನ್ನೂ ಅಕ್ಕಪಕ್ಕದ ಕೊಠಡಿಗಳಲ್ಲಿ ಇರಿಸಿ, ದೀಪ ಆರಿಸುವವರೆಗೆ ಅಕ್ಕ ತಂಗಿಯ ಬಳಿ ಕುಳಿತಿರಬಹುದೆಂದು ಒಪ್ಪಿಸಿದೆವು. ಎರಡನೆಯ ರಾತ್ರಿಯಿಂದಲೇ ತಂಗಿ ಅಕ್ಕನನ್ನು ಕರೆಯಲಿಲ್ಲ.

ಮೇಲ್ವಿಚಾರಕರ ಸಂಖ್ಯೆಯನ್ನೂ ಮಕ್ಕಳ ವಯಸ್ಸೇ ನಿರ್ಧರಿಸುತ್ತದೆ. ಮಕ್ಕಳ ವಸತಿ ಶಿಬಿರಗಳಿಗೆ ದೀರ್ಘ ಪರಂಪರೆಯಿರುವ ಅಮೆರಿಕದಲ್ಲಿ ಅಲ್ಲಿನ ಶಿಬಿರಗಳ ಸಂಘವು ರಾತ್ರಿ ತಂಗುವ ಶಿಬಿರಗಳಲ್ಲಿ ಆರರಿಂದ ಎಂಟು ವರ್ಷದ ಆರು ಮಕ್ಕಳಿಗೊಬ್ಬರು, ಒಂಬತ್ತರಿಂದ ಹದಿನಾಲ್ಕು ವರ್ಷದ ಎಂಟು ಮಕ್ಕಳಿಗೊಬ್ಬರು ಮೇಲ್ವಿಚಾರಕರು ಇರಬೇಕೆನ್ನುತ್ತದೆ. ನಾವೂ ಇದನ್ನೇ ಅನುಸರಿಸುತ್ತೇವೆ. ಅದಕ್ಕೆ ನಾವು ಸೇರಿಸಿಕೊಂಡಿರುವುದು ಇಷ್ಟು: ಮಕ್ಕಳ ಕೊಠಡಿಯಲ್ಲಿ ದೊಡ್ಡವರು ಯಾರೂ ಒಂಟಿಯಾಗಿ ಇರಬಾರದು, ಸದಾ ಇಬ್ಬರಿರಬೇಕು. ಮೇ ತಿಂಗಳ ಗುಡುಗು ಮಳೆಗೆ ಕರೆಂಟು ಹೋದ ರಾತ್ರಿ ಒಬ್ಬರು ದೀಪ ತರಲು ಹೊರಟರೆ ಇನ್ನೊಬ್ಬರು ಹೆದರಿದ ಮಕ್ಕಳ ಬಳಿ ಇರಬೇಕಲ್ಲವೇ?

ಕೈ ಸಾಲದಾದಾಗ ಹದಿನಾಲ್ಕು, ಹದಿನೈದರ ಶಿಬಿರಾರ್ಥಿಗಳನ್ನೇ ಚಿಕ್ಕವರ ಕೊಠಡಿಗೆ ನಾಯಕರನ್ನಾಗಿ ಮಾಡೋಣ ಎಂಬ ಸಲಹೆ ಆಗಾಗ ಬರುತ್ತದೆ. ಇದಕ್ಕೆ ನಾನು ಒಪ್ಪುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ, ರಾತ್ರಿಯ ಹೊಣೆಯನ್ನು ಮಗುವಿನ ಹೆಗಲಿಗೆ ಹೊರಿಸುವಂತಿಲ್ಲ. ಹಗಲಿನಲ್ಲಿ ಊಟ ಬಡಿಸುವುದು, ಆಟದ ತಂಡ ಕಟ್ಟುವುದು, ಹಾಡು ಹೇಳಿಕೊಡುವುದು ಅವರ ಪಾಲಿಗಿವೆ, ಅವರು ಅದನ್ನು ಹೆಮ್ಮೆಯಿಂದ ಮಾಡುತ್ತಾರೆ. ರಾತ್ರಿ ಅವರಿಗೆ ಅವರದೇ ಕೊಠಡಿ, ಚಿಕ್ಕವರಿಗಿಂತ ಒಂದು ಗಂಟೆ ತಡವಾಗಿ ಆರುವ ದೀಪ.

ಕೊಠಡಿವಾರು ಪಟ್ಟಿಯನ್ನು ಮೊದಲ ದಿನ ಪೋಷಕರು ಹೊರಡುವ ಮುನ್ನವೇ ತೋರಿಸುತ್ತೇವೆ. ಹೊಂದಾಣಿಕೆಯಾಗದ ಮಗುವಿನ ಕೊಠಡಿಯನ್ನು ಮರುದಿನ ಬದಲಿಸಲು ಅಡ್ಡಿಯಿಲ್ಲ. ಬದಲಾವಣೆ ಮಾತ್ರ ಅದೇ ವಯೋಮಾನದ ಇನ್ನೊಂದು ಕೊಠಡಿಗೇ ಆಗಬೇಕು.